ನನ್ನ ರಿಜಿಸ್ಟರ್ ತಪ್ಪಿಲ್ಲ, ಸಾಹೇಬರೇ

ಕೌಶಲ್ಯ ಪ್ರಮಾಣಪತ್ರ ನೀಡುವ ಅಧಿಕಾರಿಗಳಿಗೆ

ಮಾನ್ಯರೇ,

ಹತ್ತೊಂಬತ್ತು ವರ್ಷ ಪ್ರೆಸ್ಸಿನಲ್ಲಿ ದುಡಿದು, ಅದರಲ್ಲಿ ಹನ್ನೊಂದು ವರ್ಷ ಆಫ್‌ಸೆಟ್ ಮಷಿನ್ ಓಡಿಸಿದವಳಿಗೆ ಮಷಿನ್ ಓಡಿಸಲು ಬರುತ್ತದೆ ಎಂದು ಬರೆದುಕೊಡಲು ತಾವು ನಿರಾಕರಿಸಿದ್ದೀರಿ. ಕೌಶಲ್ಯವನ್ನು ಅಳೆಯುವ ಕುರ್ಚಿಯಲ್ಲಿ ಕೂಡುವವರಿಗೆ ಕಣ್ಣೆದುರಿಗೆ ಇದ್ದದ್ದನ್ನು ಕಾಣದಿರುವ ಕೌಶಲ್ಯವೂ ಬೇಕಾಗುತ್ತದೆಂದು ನನಗೆ ತಿಳಿದಿರಲಿಲ್ಲ. ಮೂರು ಅರ್ಜಿ ಕೊಟ್ಟೆ, ಉತ್ತರ ಬಂದದ್ದು ಒಂದಕ್ಕೆ. ಆದ್ದರಿಂದ ಈ ನಾಲ್ಕನೆಯದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಕುಪ್ಪೇಲೂರಿನ ಕರಿಯವ್ವ. ದಿನಾ ಬಸ್ಸಿನಲ್ಲಿ ರಾಣೇಬೆನ್ನೂರಿಗೆ ಬಂದು ಪ್ರೆಸ್ ಸೇರುತ್ತೇನೆ. ಮೊದಮೊದಲು ಹಾಳೆ ಮಡಚುವುದು, ಪಿನ್ ಹೊಡೆಯುವುದು ಮಾಡುತ್ತಿದ್ದೆ. ಮಷಿನ್ ಕೆಲಸ ಕಲಿಸಿದವರು ನಮ್ಮ ಹೆಡ್ ಮಷಿನ್‌ಮನ್ ಆಗಿದ್ದ ಕಾಸೀಮಸಾಬರು. ಬಣ್ಣದ ಮುದ್ರಣದಲ್ಲಿ ಒಂದೊಂದು ಬಣ್ಣವೂ ಬೇರೆ ಬೇರೆಯಾಗಿ ಕಾಗದದ ಮೇಲೆ ಬೀಳುತ್ತದೆ. ಬಿದ್ದದ್ದು ಒಂದರ ಮೇಲೊಂದು ಸರಿಯಾಗಿ ಕೂಡಬೇಕು. ಇದಕ್ಕೆ ನಮ್ಮಲ್ಲಿ ರಿಜಿಸ್ಟರ್ ಎನ್ನುತ್ತಾರೆ. ಬ್ಯಾಡಗಿಯ ವ್ಯಾಪಾರಸ್ಥರ ಮೆಣಸಿನಕಾಯಿ ಲೇಬಲ್ಲುಗಳು ನಮ್ಮಲ್ಲೇ ಆಗುತ್ತವೆ. ರಿಜಿಸ್ಟರ್ ತಪ್ಪಿದರೆ ಕೆಂಪು ಕಾಯಿ ಒಂದು ಕಡೆ, ಹಸಿರು ತೊಟ್ಟು ಒಂದು ಕಡೆ. ನನ್ನ ಕೈಯಲ್ಲಿ ಆ ತೊಟ್ಟು ಎಂದೂ ಕಳಚಿಲ್ಲ. ಹೆಸರಿಗೆ ತಕ್ಕಂತೆ ಕೈಯೆಲ್ಲ ಕರಿ ಎಂದು ನನ್ನನ್ನು ಆಡಿಕೊಳ್ಳುವವರೂ ಇಷ್ಟನ್ನು ಒಪ್ಪುತ್ತಾರೆ.

ಹೋದ ವರ್ಷ ಕಾಸೀಮಸಾಬರು ಕಣ್ಣು ಮಂಜಾಗಿ ಕೆಲಸ ಬಿಟ್ಟರು. ಅವರ ಜಾಗ ನನಗೆ ಕೊಡಿ ಎಂದು ಮಾಲೀಕರನ್ನು ಬಾಯಿಬಿಟ್ಟು ಕೇಳಿದೆ. ಹೆಂಗಸು ಬಾಯಿಬಿಟ್ಟು ಕೇಳುವುದೇ ಮೊದಲ ತಪ್ಪು ಎಂದು ಗೊತ್ತಿದ್ದೂ ಕೇಳಿದೆ. ಅವರೇನೂ ಸಿಟ್ಟಾಗಲಿಲ್ಲ. "ಸರ್ಟಿಫಿಕೇಟ್ ತಗೊಂಡ ಬಾ, ಮರುದಿನದಿಂದನ ನೀನ ಹೆಡ್ ಮಷಿನ್‌ಮನ್" ಎಂದರು. ಆ ಕೊನೆಯ 'ಮನ್' ಬಗ್ಗೆ ನಾನು ತಕರಾರು ತೆಗೆಯಲಿಲ್ಲ. ಹಾವೇರಿಗೆ ಬಂದು ತಮ್ಮ ಕಚೇರಿಯಲ್ಲಿ ಅರ್ಜಿ ಕೊಟ್ಟೆ.

ತಪಾಸಣೆಗೆ ತಾವೇ ಬಂದಿರಿ. ನಾನು ಮಷಿನ್ ಮುಂದಿದ್ದೆ, ಲೇಬಲ್ ಓಡುತ್ತಿತ್ತು. "ರಿಜಿಸ್ಟರ್ ಸರಿ ಐತೇನ್ರಿ?" ಎಂದು ಕೇಳಿದಿರಿ. ಹನ್ನೊಂದು ವರ್ಷದಲ್ಲಿ ಹೊರಗಿನವರು ಯಾರೂ ಕೇಳದ ಪ್ರಶ್ನೆ. ನನಗೆ ಎಷ್ಟು ಹಿಗ್ಗಾಯಿತೆಂದರೆ, ಆಗಷ್ಟೇ ಬಿದ್ದ ಹಾಳೆಯನ್ನೂ ಭೂತಗನ್ನಡಿಯನ್ನೂ ತಮ್ಮ ಕೈಗಿಟ್ಟು, "ನನ್ನ ರಿಜಿಸ್ಟರ್ ಒಂದ ಕೂದಲೆಳಿನೂ ತಪ್ಪಂಗಿಲ್ರಿ ಸಾಹೇಬ್ರ, ನೀವ ನೋಡ್ರಿ" ಎಂದೆ. ಮಾಲೀಕರು ನಕ್ಕರು. ಅವರ ತಂಗಿಯ ಮಗ ಸುದೀಪ ನಕ್ಕ. ತಾವೂ ನಕ್ಕಿರಿ. ತಾವು ಕೇಳಿದ್ದು ಹಾಜರಿ ಪುಸ್ತಕವನ್ನು. ಅದರಲ್ಲಿ ಹತ್ತೊಂಬತ್ತು ವರ್ಷದಿಂದ ನನ್ನ ಹೆಸರಿನ ಮುಂದೆ ಒಂದೇ ಶಬ್ದ, 'ಮಡಚುವವರು'. ನಾನು ಕೊಟ್ಟ ಹಾಳೆಯನ್ನು ನೋಡದೆಯೇ ತಾವು ನಾಲ್ಕಾಗಿ ಮಡಚಿ ಚಹಾದ ಲೋಟದ ಕೆಳಗೆ ಇಟ್ಟಿರಿ. ಮಡಚುವ ಕೆಲಸ ತಮಗೂ ಬರುತ್ತದೆಂದು ಅಂದು ತಿಳಿಯಿತು.

ಸುದೀಪ ಸೇರಿ ನಾಲ್ಕು ವರ್ಷ. ಕೆಲಸ ಕಲಿಸಿದವಳು ನಾನು. ಆದರೆ ಪುಸ್ತಕದಲ್ಲಿ ಅವನು ಬಂದ ದಿನದಿಂದಲೇ 'ಆಪರೇಟರ್'. ಎಂಟು ದಿನದಲ್ಲಿ ಅವನಿಗೆ ತಮ್ಮ ಪ್ರಮಾಣಪತ್ರ ಬಂತು, ಹಿಂದೆಯೇ ಕಾಸೀಮಸಾಬರ ಜಾಗವೂ ಬಂತು. ನನಗೆ ಮತ್ತೆ ಮಡಚುವ ಮೇಜು ಬಂತು. ಅವನೇನು ಕೆಟ್ಟವನಲ್ಲ. ಬಣ್ಣ ಸರಿದಾಗ ಇವತ್ತಿಗೂ "ಅಕ್ಕಾ, ರಿಜಿಸ್ಟರ್ ಕೂಡವಲ್ದು, ಒಂಚೂರು ಬಾ" ಎಂದು ಕರೆಯುತ್ತಾನೆ. ಮಡಚುವ ಮೇಜಿನಿಂದ ಎದ್ದು ಹೋಗಿ ಕೂಡಿಸಿ ಬರುತ್ತೇನೆ. ಬರುವುದಿಲ್ಲ ಎಂದರೆ ಕೆಲಸ ಹೋಗುವುದು ನನ್ನದು, ಅವನದಲ್ಲ.

ಪುಸ್ತಕ ತಿದ್ದಿ ಎಂದರೆ, ಹೆಂಗಸರನ್ನು ಮಷಿನ್ ಮೇಲೆ ತೋರಿಸಿದರೆ ತಾವು ಆಕ್ಷೇಪಣೆ ಹಾಕುತ್ತೀರಿ ಎಂದು ಮಾಲೀಕರು ಹೇಳುತ್ತಾರೆ. ತಮ್ಮನ್ನು ಕೇಳಿದರೆ ಮಾಲೀಕರು ಬರೆದಿಲ್ಲ ಎನ್ನುತ್ತೀರಿ. ಹಾಗಾದರೆ ಆ ಲಕ್ಷಾಂತರ ಲೇಬಲ್ಲುಗಳು ತಾವಾಗಿಯೇ ಅಚ್ಚಾದವೇ? ತಾವಿಬ್ಬರೂ ಒಬ್ಬರ ಕಡೆ ಒಬ್ಬರು ಬೆರಳು ತೋರಿಸುತ್ತಿರುವಾಗ ನನಗೆ ನಲವತ್ತನಾಲ್ಕು ತುಂಬಿತು. ಇದನ್ನು ಕಾಸೀಮಸಾಬರ ಮುಂದೆ ಹೇಳಿಕೊಂಡೆ. "ತಂಗಿ, ನಿನಗ ಮಷಿನ್ ಕಲಿಸಿದ್ನಿ. ಪುಸ್ತಕ ಬರಿಯಾಂವ್ನ ಕೈ ಹಿಡಿಯೂದು ಕಲಿಸಲಿಲ್ಲ, ಅದು ನನಗೂ ಗೊತ್ತಿರಲಿಲ್ಲ" ಎಂದರು. ನಾನು ಅಲ್ಲೇ ಅತ್ತೆ.

ಹೋದ ವಾರ ತಮ್ಮ ಕಚೇರಿಯ ಹೊಸ ನಮೂನೆಗಳ ಆರ್ಡರ್ ನಮ್ಮ ಪ್ರೆಸ್ಸಿಗೇ ಬಂತು. ಎರಡು ಬಣ್ಣದ ಕೆಲಸ: ಕೆಂಪು ಚೌಕ, ಅದರೊಳಗೆ ಕಪ್ಪಕ್ಷರದಲ್ಲಿ 'ತಿರಸ್ಕರಿಸಲಾಗಿದೆ'. ಸುದೀಪನ ಕೈಯಲ್ಲಿ ಅಕ್ಷರ ಚೌಕದೊಳಗೆ ನಿಲ್ಲಲಿಲ್ಲ. ಕರೆದ, ಹೋದೆ, ಕೂಡಿಸಿದೆ.

ನನ್ನ ಬೇಡಿಕೆ ಇಷ್ಟೇ. ಮತ್ತೊಮ್ಮೆ ತಪಾಸಣೆಗೆ ಬನ್ನಿ, ಪುಸ್ತಕ ಮುಚ್ಚಿಡಿ, ಹಾಳೆ ನೋಡಿ. ತಾವು ಬರುವುದಿಲ್ಲವೆಂದು ನನಗೆ ಗೊತ್ತು. ಈ ಪತ್ರಕ್ಕೂ ಅದೇ ನಮೂನೆಯಲ್ಲಿ ಉತ್ತರ ಬರುತ್ತದೆ. ಸಹಿ ಹಾಕುವ ಮುಂಚೆ ಆ ಕೆಂಪು ಚೌಕವನ್ನಾದರೂ ಒಂದು ಸಲ ನೋಡಿ. ಅಕ್ಷರ ಎಲ್ಲಿಯೂ ಗೆರೆಗೆ ತಾಗಿಲ್ಲ.

ಇಂತಿ,
ಈ ಪತ್ರವನ್ನೂ ತಾನೇ ಮಡಚಿ ಲಕೋಟೆಗೆ ಹಾಕಿದ
ಕರಿಯವ್ವ, ಕುಪ್ಪೇಲೂರು
(ತಮ್ಮ ದಾಖಲೆಯಂತೆ: ಮಡಚುವವರು)