ಬಟ್ಟಲಿನ ಎಣ್ಣೆ ಕಪ್ಪಾಗುವವರೆಗೆ

ರೀ,

ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕುತ್ತಾರೆಂದು ತವರಿಗೆ, ನಾಗಣಸೂರಿಗೆ ಹೊರಟಿದ್ದೇನೆ. ಅಣ್ಣ ಗಾಡಿ ತಂದಿದ್ದಾನೆ.

ರೊಟ್ಟಿ ಬುಟ್ಟಿಯಲ್ಲಿವೆ. ಶೇಂಗಾ ಹಿಂಡಿ ನೆಲುವಿನ ಮೇಲಿದೆ.

ಟ್ರ್ಯಾಕ್ಟರಿಗೆ ಗ್ರೀಸ್ ಹಾಕಿದ್ದೇನೆ. ಇಂಜಿನ್ನಿಗೆ ಹೋಗುವ ಗಾಳಿಯನ್ನು ಸೋಸುವ ಬಟ್ಟಲನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು ಹೊಸ ಎಣ್ಣೆ ತುಂಬಿದ್ದೇನೆ. ಅದು ಧೂಳಿಗೆ ಕಪ್ಪು ರಾಡಿಯಾದರೆ ಓಡಿಸಬೇಡಿ. ಸೊಲ್ಲಾಪುರದ ಡೀಲರಿಗೆ ಹೇಳಿಕಳಿಸಿ, ಮಿಸ್ತ್ರಿ ಬರಲಿ.

ಬೇಡವೆನ್ನುತ್ತೀರಿ, ಗೊತ್ತು. "ಮಿಸ್ತ್ರಿಗ್ಯಾಕ ರೊಕ್ಕಾ ಸುರೀಬೇಕು? ನಾನ ಮಾಡ್ಕೋತೀನಿ" ಎಂದು ಕಟ್ಟೆಯ ಮೇಲೆ ಕೂತವರಿಗೆ ಹೇಳುತ್ತೀರಿ. ಆಗ ಕೊಟ್ಟಿಗೆಯ ಬಾಗಿಲು ಮುಚ್ಚಿಕೊಂಡು, ಬಳೆಗಳನ್ನು ಮೇಲಕ್ಕೇರಿಸಿ, ಟ್ರ್ಯಾಕ್ಟರಿನ ಕೆಳಗೆ ಮಲಗಿರುವವಳು ನಾನು. ಟ್ರ್ಯಾಕ್ಟರ್ ಹೊಸದಿದ್ದಾಗ ಬಂದ ಮಿಸ್ತ್ರಿಯ ಕೆಲಸವನ್ನು ಕಿಂಡಿಯಿಂದ ನೋಡಿ ಕಲಿಯಬಾರದಿತ್ತು. ಪಂಚಮಿಗೂ ತವರು ತಪ್ಪಿತು. "ನೀ ಹ್ವಾದ್ರ ಟ್ರ್ಯಾಕ್ಟರ್ ಯಾರ ನೋಡವ್ರು?" ಎಂದಿರಿ.

ಉಗುರಿನ ಕಪ್ಪು ಸೀಗೆಕಾಯಿಗೂ ಹೋಗಿಲ್ಲ. ಅವ್ವ ಕೇಳಿದರೆ, ಕೂಸಿಗೆ ಕಾಡಿಗೆ ಮಾಡಿದೆ ಎನ್ನುತ್ತೇನೆ.

ನೀವು ಮಿಸ್ತ್ರಿಯನ್ನು ಕರೆಸಿದರೆ ತಂಗಿಯ ಹತ್ತಿರ ಒಂದು ತಿಂಗಳು ಇರುತ್ತೇನೆ. ಕರೆಸದಿದ್ದರೆ ವಾರದೊಳಗೆ, ಬಟ್ಟಲಿನ ಎಣ್ಣೆ ಕೆಡುವಷ್ಟರಲ್ಲಿ ಬರಬೇಕಾಗುತ್ತದೆ.

ಬರುವ ಸೋಮವಾರವೇ ನನ್ನನ್ನು ತಿರುಗಿ ಇಲ್ಲಿಗೆ ಬಿಡಲು ಗಾಡಿ ಕಟ್ಟುವಂತೆ ಅಣ್ಣನಿಗೆ ಈಗಲೇ ಹೇಳಿಟ್ಟಿದ್ದೇನೆ.