‘ಆದ್ದರಿಂದ’ದ ಮುಂದೆ ಅಂಟಿಸಿದ ಚೀಟಿ

ಮಾನ್ಯ ಕೆರೆ ಉಸ್ತುವಾರಿ ಅಧಿಕಾರಿಗಳೇ,

ಮೊದಲ ಬಹುಮಾನ ಕೊಟ್ಟ ಪ್ರಬಂಧದ ಕೊನೆಯ ಸಾಲನ್ನು ನೀವೇ ಮುಚ್ಚಿಸಿದ್ದೀರಿ. ಆ ಪ್ರಬಂಧ ನನ್ನದಲ್ಲ. ನನ್ನದಾಗಿದ್ದರೆ ಈ ಪತ್ರ ಬರೆಯುವುದು ಎಷ್ಟೋ ಸುಲಭವಾಗುತ್ತಿತ್ತು. ಅದು ನನ್ನ ಗೆಳತಿ ಇಂಚರಳದ್ದು. ಫಲಿತಾಂಶ ಬಂದಾಗಿನಿಂದ ನನಗೆ ಊಟ ರುಚಿಸಿಲ್ಲ.

‘ನಮ್ಮ ಕೆರೆಗೆ ಬೇಲಿ ಬೇಕೇ?’ ಎಂಬ ಸ್ಪರ್ಧೆಯ ಜೊತೆಗೆ, ಪ್ರಬಂಧ ಬರೆಯುವ ಕ್ರಮ ಹೇಳುವ ಕರಪತ್ರವನ್ನೂ ನಿಮ್ಮ ಕಚೇರಿ ಹಂಚಿತ್ತು. ಜಯನಗರದ ಬಸ್ ನಿಲ್ದಾಣದಲ್ಲಿ ಯಾರು ಏನು ಕೊಟ್ಟರೂ ಓದುವವನು ನಾನು. ನಿಮ್ಮದು ಈಗ ಬಾಯಿಪಾಠವಾಗಿದೆ. ಪೀಠಿಕೆಯಲ್ಲಿ ವಿಷಯ ತಿಳಿಸಿ. ಪರವಾದ ವಾದ ಹೇಳಿ. ಎದುರು ವಾದವನ್ನು, ಅದನ್ನು ನಂಬಿದವರೇ ಒಪ್ಪುವಂತೆ ಬರೆಯಿರಿ. ಉಪಸಂಹಾರದಲ್ಲಿ ಎರಡನ್ನೂ ತೂಗಿ ನಿಮ್ಮ ನಿಲುವನ್ನು ಸ್ಪಷ್ಟವಾಗಿ ಹೇಳಿ. ಮೂರನೆಯ ನಿಯಮ ಪುಕ್ಕಲರಿಗೆ ಮಾಡಿದ್ದೆಂದು ತಿಳಿದು, ಬೇಲಿಯ ವಿರುದ್ಧ ಎಂಟು ಪುಟ ಬರೆದೆ. ಕೆರೆ ದಂಡೆಯಲ್ಲಿ ಹಸುವಿಗೆ ಹುಲ್ಲು ಕೊಯ್ಯುವ ಅಮ್ಮಣ್ಣಿಯವರ ಪರವಾಗಿ ಗುಡುಗಿದೆ. ‘ಎದುರು ವಾದ ಎಲ್ಲಿ?’ ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸು ಕಳಿಸಿದಿರಿ.

ಗೆದ್ದ ಪ್ರಬಂಧವನ್ನು ವಾಚನಾಲಯದ ಫಲಕದಲ್ಲಿ ಹಾಕಿದಾಗ ಪೆನ್ಸಿಲ್ ಹಿಡಿದು ಹೋದೆ. ಓದಲಿಕ್ಕಲ್ಲ, ತಪ್ಪು ಹುಡುಕಲಿಕ್ಕೆ. ಒಂದೂ ಸಿಗದೆ ಕೊನೆಗೆ ಬಂದರೆ, ಬರಹ ‘ಆದ್ದರಿಂದ’ ಎಂಬಲ್ಲಿಗೆ ನಿಂತಿತ್ತು! ಕೆಳಗೆ ‘ಹಾರ್ದಿಕ ಅಭಿನಂದನೆಗಳು’ ಎಂಬ ಅಚ್ಚಾದ ಚೀಟಿ. ಉಪಸಂಹಾರವಿಲ್ಲದ ಪ್ರಬಂಧಕ್ಕೆ ಮೊದಲ ಬಹುಮಾನವೇ? ಆ ಕ್ಷಣದ ಸಂತೋಷವನ್ನು ಇಲ್ಲಿ ವರ್ಣಿಸಲಾರೆ. ದೂರು ಕೊಡಲು ಅಟೆಂಡರ್ ಕೆಂಪರಾಜು ಅವರ ಬಳಿ ಓಡಿದೆ. ಅವರು ಪತ್ರಿಕೆಯಿಂದ ತಲೆಯೆತ್ತಲಿಲ್ಲ.

“ಕೊನೆ ಐತೆ ಸಾರ್, ಚೀಟಿ ಕೆಳಗೈತೆ. ಸಾಹೇಬ್ರು ಮುಚ್ಚು ಅಂದ್ರು, ಅಂಟಿಸ್ದೆ.”

ಬಿಟಿಎಂ ಲೇಔಟಿನ ಪಿ.ಜಿ.ಗೆ ಹೋಗಿ ಇಂಚರಳಿಂದ ಕರಡು ಪ್ರತಿ ಇಸಕೊಂಡೆ. ಎದುರು ವಾದಕ್ಕಾಗಿ ಅವಳು ಹೋಗಿದ್ದು ನೇರ ಅಮ್ಮಣ್ಣಿಯವರ ಬಳಿಗೆ. ಅವರ ಮಾತನ್ನು ಹಾಗೆಯೇ ಬರೆದಿದ್ದಾಳೆ: “ಬೇಲಿ ಹಾಕ್ಲಿ ಕಣವ್ವಾ. ಕುಡುಕ್ರು ಒಡ್ದ ಬಾಟ್ಲಿ ಚೂರು ತುಳ್ದು ನನ್ ಹಸ ಕುಂಟ್ತದೆ. ಒಂದ್ ಬೀಗದ ಕೈ ನಂಗೂ ಕೊಟ್ರೆ ಸಾಕು.”

ಅವರಿಗಾಗಿ ನಾನು ಎಂಟು ಪುಟ ಬರೆದಿದ್ದೇನೆ ಎಂದು ರೇಗಿದೆ.

“ಅವರನ್ನ ಒಂದ್ಸಲನಾದ್ರೂ ಕೇಳಿದ್ಯಾ ಮಗಾ?” ಎಂದಳು.

ಮಾತು ತಪ್ಪಿಸಿ ಚೀಟಿಯ ವಿಷಯ ಹೇಳಿದರೆ, ಬಹುಮಾನ ಬಂತಲ್ಲ ಬಿಡು ಎಂದು ಬಟ್ಟೆ ಒಣಗಿಸಲು ಹೋದಳು. ಅವಳು ಬಿಡಬಹುದು, ಗೆದ್ದವಳು. ಸೋತ ನಾನು ಹೇಗೆ ಬಿಡಲಿ? ಚೀಟಿ ಮುಚ್ಚಿದ ಸಾಲು ಇದು: ‘ಆದ್ದರಿಂದ ಬೇಲಿ ಇರಲಿ, ಅದರ ಗೇಟಿನ ಒಂದು ಬೀಗದ ಕೈ ಹುಲ್ಲು ಕೊಯ್ಯುವ ಅಮ್ಮಣ್ಣಿಯವರ ಬಳಿಯೂ ಇರಲಿ.’ ಇದು ನನಗೇಕೆ ಹೊಳೆಯಲಿಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಇಷ್ಟು ಉರಿಸಿದ ಸಾಲನ್ನು ಊರಿನವರು ಓದದಿದ್ದರೆ ನಾನು ಸೋತದ್ದಾದರೂ ಯಾತಕ್ಕೆ?

ಮಾನ್ಯರೇ, ನನ್ನನ್ನು ಮೂರನೆಯ ನಿಯಮ ಮುರಿದದ್ದಕ್ಕೆ ಸೋಲಿಸಿದಿರಿ, ಒಪ್ಪಿದೆ. ನಾಲ್ಕನೆಯದನ್ನು ಮುರಿದ ನಿಮಗೆ ಕೆಂಪು ಶಾಯಿ ಹಚ್ಚುವವರು ಯಾರು? ನಿಲುವು ಹೇಳಿ ಎಂದು ಕೇಳಿದವರೂ ನೀವೇ, ಹೇಳಿದಾಗ ಅಭಿನಂದನೆಯಿಂದ ಬಾಯಿ ಮುಚ್ಚಿಸಿದವರೂ ನೀವೇ. ಬೇಲಿ ಎದ್ದಿದೆ. ಸೋಮವಾರ ಗೇಟಿಗೆ ಬೀಗ ಬೀಳುತ್ತದೆ, ಇರುವ ಒಂದೇ ಕೈ ನಿಮ್ಮ ಡ್ರಾಯರಿಗೆ ಹೋಗುತ್ತದೆ. ಮಂಗಳವಾರ ಆ ಹಸು ಏನು ತಿನ್ನಬೇಕು? ನಿಮ್ಮ ಕರಪತ್ರವನ್ನೇ?

ಚೀಟಿ ತೆಗೆಸಿ. ಇನ್ನೊಂದು ಬೀಗದ ಕೈ ಮಾಡಿಸಿ. ಕೊಡಲಾಗದು ಎನ್ನಲು ಕಾರಣವಿದ್ದರೆ ಬಂದು ಹೇಳಿ. ಎದುರು ವಾದವನ್ನು ಈ ಸಲ ಪೂರ್ತಿ ಕೇಳಿಸಿಕೊಳ್ಳುತ್ತೇನೆ. ಅಮ್ಮಣ್ಣಿಯವರು ಬರುತ್ತಾರೆ, ಕೇಳಿಯೇ ಬರೆಯುತ್ತಿದ್ದೇನೆ. ಅಂಟಿಸಿರುವುದು ಮೈದಾ ಗೋಂದು, ನಾನು ಒದ್ದೆ ಬಟ್ಟೆ ತರುತ್ತೇನೆ. ವಾಚನಾಲಯದ ಫಲಕದ ಮುಂದೆ, ಇದೇ ಭಾನುವಾರ, ಬೆಳಗ್ಗೆ ಹತ್ತೂವರೆಗೆ.

ಇಂತಿ,
ಸಮಾಧಾನಕರ ಬಹುಮಾನವೂ ಸಿಗದ, ಸಮಾಧಾನವೂ ಇಲ್ಲದ
ಬಸವಪ್ರಸಾದ್
ಜೆ.ಪಿ. ನಗರ