ಎಳ್ಳು ಹೋಳಿಗೆ

ಸಕ್ರೂ,

ನನ್ನ ಗಂಟಲು ಕಟ್ಟುತ್ತಿದೆ, ತುಟಿ ಬಾತುಕೊಂಡಿದೆ, ಇನ್ನು ಹೆಚ್ಚು ಹೊತ್ತು ಉಳಿಯುವುದಿಲ್ಲ.

ಸುಳ್ಳು. ನಿನ್ನಿಂದ ಬೈಸಿಕೊಳ್ಳಬೇಕೆಂದು ಬರೆದೆ. ನೀನು ತೀರಿಕೊಂಡ ಮೇಲೆ ನನ್ನನ್ನು ಬೈಯುವವರೇ ಇಲ್ಲ.

ಇವತ್ತು ಬಾಗಲಕೋಟೆಯ ದವಾಖಾನೆಯಲ್ಲಿ ಫ್ಲೂ ಲಸಿಕೆ ಹಾಕಿಸಿಕೊಂಡೆ. ಸೂಜಿಗಿಂತ ನನ್ನ ನಾಲಿಗೆಯೇ ಚೂಪು ಎಂದು ನರ್ಸ್ ಶೈಲಾಳನ್ನು ನಗಿಸಿದೆ.

"ಅಜ್ಜಾರ, ಅರ್ಧ ತಾಸು ಇಲ್ಲೇ ಕೂಡ್ರಿ. ಕೆಲವರಿಗೆ ಒಗ್ಗೂದಿಲ್ಲ."

"ಇಷ್ಟು ನೀರು ಏನ್ ಮಾಡ್ತೈತಿ ಯವ್ವಾ?"

"ಕಳ್ಳನ ಫೋಟೊ ಇದ್ದಂಗ್ರಿ. ಮೈಯಾಗಿನ ಕಾವಲುಗಾರರು ನೋಡಿ ಗುರ್ತು ಇಟ್ಕೋತಾರ. ಕೆಲವರ ಮೈಯಾಗ ಅವರು ಶೇಂಗಾನೂ ಕಳ್ಳ ಅಂತ ತಿಳದು ಮನಿಮಂದಿನ್ನೇ ಹೊಡೀತಾರ. ಚಿಟಿಕಿ ಪುಡಿ ಸಾಕ್ರಿ, ಉಸ್ರು ನಿಂತಬಿಡತೈತಿ."

ನನ್ನ ನಗೆ ಅಲ್ಲೇ ನಿಂತಿತು. ಅರ್ಧ ತಾಸು ಕಳೆದ ಮೇಲೂ ಕೂತೇ ಇದ್ದೆ. ಕರೆದೊಯ್ಯಲು ಬರುವವರು ಯಾರೂ ಇರಲಿಲ್ಲ.

ಆ ಸಂಕ್ರಾಂತಿಗೆ ಶೇಂಗಾ ಆಗದ ನಿನ್ನ ತಂಗಿ ರೋಹಿಣಿಗೆಂದೇ ನೀನು ಬೇರೆಯಾಗಿ ಎಳ್ಳು ಹೋಳಿಗೆ ಮಾಡಿದ್ದೆ. ಅದನ್ನು ತಿಂದು ಅವಳು ಉಸಿರು ಸಿಗದೆ ಬಿದ್ದಳು. ಬದುಕಿದಳು, ಆದರೆ ಮತ್ತೆಂದೂ ನಿನ್ನ ಕೈಯ ನೀರೂ ಕುಡಿಯಲಿಲ್ಲ. ನಮ್ಮ ಶೇಂಗಾ ಹೋಳಿಗೆ ಲಟ್ಟಿಸಿದ ಲಟ್ಟಣಿಗೆ ಸರಿಯಾಗಿ ತೊಳೆಯಲಿಲ್ಲವೇನೋ ಎಂದು ನೀನು ಸಾಯುವವರೆಗೂ ಕೊರಗಿದೆ.

ನೀನು ತೊಳೆದಿದ್ದೆ, ಸಕ್ರೂ. ಅವಳದು ಬರೀ ನಖರಾ ಎಂದು ತೋರಿಸಲು ಆ ಎಳ್ಳಿನ ಹೂರಣಕ್ಕೆ ಶೇಂಗಾ ಪುಡಿ ಬೆರೆಸಿದವನು ನಾನು.